ಪೆಟ್ಟಿಗೆಯೊಳಗಿನ ಆರನೆಯ ಹಾಡುಗಾರ

ಸರಿಯಾಗಿರುವ ವಸ್ತುವನ್ನು ಸರಿಮಾಡಿಸಲು ಹೋಗಬಾರದು ಎಂಬುದು ಕಿಬ್ಬನಹಳ್ಳಿ ಕ್ರಾಸಿನ ಕೊಬ್ಬರಿ ವ್ಯಾಪಾರಿ ತೋಂಟದಾರ್ಯನಿಗೆ ಗೊತ್ತಿರಲಿಲ್ಲವೆಂದಲ್ಲ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸಿದರೆ ಸಾಕು, ಒಳಗೆ ಕೊಬ್ಬರಿ ಒಣಗಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದ. ಅಷ್ಟು ವಿವೇಕಿ. ಆದರೆ ಸಂಗೀತದ ಮಾತು ಬಂದರೆ ಅವನ ವಿವೇಕ ಕಾಯಿಗಳ ಜೊತೆ ಅಟ್ಟ ಹತ್ತಿ ಕೂತುಬಿಡುತ್ತಿತ್ತು.

ಮಠದ ಭಜನೆಯಲ್ಲಿ ಹಾರ್ಮೋನಿಯಂ ಒತ್ತಿಕೊಂಡು ಅವನು ಸುಖವಾಗಿಯೇ ಇದ್ದ. ತುಮಕೂರಿನ ಒಂದು ಗಣಪತಿ ಪೆಂಡಾಲಿನಲ್ಲಿ ಆರ್ಕೆಸ್ಟ್ರಾದವನೊಬ್ಬ ಸಿಂಥಸೈಜರ್ ನುಡಿಸಿದ್ದನ್ನು ಕೇಳಿದ ಮೇಲೆ ಊಟ ರುಚಿಸಲಿಲ್ಲ. ಒಂದೇ ಪೆಟ್ಟಿಗೆಯಲ್ಲಿ ಕೊಳಲು, ಪಿಟೀಲು, ಗಾಳಿ, ಮಳೆ, ರೈಲು! ಕೊನೆಗೆ ಮದ್ರಾಸಿನ ಸ್ಟುಡಿಯೋದವರು ಹಳತಾಯಿತೆಂದು ಹೊರಹಾಕಿದ್ದ ಅಂಥದೇ ಒಂದು ಪೆಟ್ಟಿಗೆ ಕೊಬ್ಬರಿ ಲಾರಿಯ ಡ್ರೈವರ್ ಮೂಲಕ ಕಿಬ್ಬನಹಳ್ಳಿಗೆ ಬಂದಿಳಿಯಿತು. ಅದು ಬರಬೇಕಾದರೆ ಕೊಟ್ಟಿಗೆಯಿಂದ ಗೌರಿ ಹೋಗಬೇಕಾಯಿತು.

ಗೌರಿ ಬರಿಯ ಹಸುವಲ್ಲ, ಬಳುವಳಿ ಹಸು. ಹೆಂಡತಿ ಮೀನಾಕ್ಷಮ್ಮ ಮದುವೆಯಾಗಿ ಬಂದಾಗ ಅವಳ ತಾಯಿ ಗಿರಿಜಾಂಬಿಕಾ ದಂಡಿನಶಿವರದಿಂದ ಕರುವನ್ನು ಅರಿಶಿನ ಹಚ್ಚಿ ಕಳಿಸಿಕೊಟ್ಟಿದ್ದರು. ಬಳುವಳಿ ಹಸುವನ್ನು ಮಾರಿದ ಗಂಡಸಿಗೆ ನಮ್ಮ ಸೀಮೆಯಲ್ಲಿ ಏನು ಹೆಸರಿದೆಯೋ ಅದನ್ನು ಅಚ್ಚು ಹಾಕುವ ಹಾಗಿಲ್ಲ. ಮೀನಾಕ್ಷಮ್ಮ ಅಕ್ಕನ ಬಾಣಂತನಕ್ಕೆ ಹೋಗಿದ್ದಾಗ ತೋಂಟದಾರ್ಯ ಗೌರಿಯನ್ನು ದಲ್ಲಾಳಿಗೆ ದಾಟಿಸಿದ. ದಲ್ಲಾಳಿ ಅದನ್ನು ಯಾರಿಗೆ ದಾಟಿಸಿದನೋ ಇವನು ಕೇಳಲಿಲ್ಲ.

ಮೀನಾಕ್ಷಮ್ಮ ಬಂದವಳು ಬರಿದಾದ ಕೊಟ್ಟಿಗೆಯನ್ನು ನೋಡಿದಳು, ನಡುಮನೆಯಲ್ಲಿ ಹಾಸಿಗೆಯಷ್ಟು ಉದ್ದವಿದ್ದ ಪೆಟ್ಟಿಗೆಯನ್ನು ನೋಡಿದಳು, ಆಮೇಲೆ ಗಂಡನನ್ನು ನೋಡಿದಳು.

"ಕೇಳ್ರಿ," ಎಂದಳು. "ಮುಂದಿನ ತಿಂಗಳು ನನ್ ತಮ್ಮನ್ ಮದ್ವೆ. ಅಲ್ಲಿ ಈ ಪೆಟ್ಗೆ ನಮ್ಮವ್ವ ಮೆಚ್ಚೋ ಹಂಗೆ ಹಾಡ್ಬೇಕು. ಹಾಡಿದ್ರೆ ಹಸು ಹೋಗಿದ್ದನ್ನ ನಾನೇ ನಿಭಾಯಿಸ್ತೀನಿ. ಇಲ್ದೇ ಹೋದ್ರೆ ನಾನು ಅಲ್ಲೇ ಉಳ್ಕತೀನಿ. ನೀವು ಇದನ್ನೇ ಕರ್ಕಂಡು ಹಾಲು ಕುಡೀರಿ."

ಮೀನಾಕ್ಷಮ್ಮ ಮಾತು ಕಡಿಮೆಯ ಹೆಂಗಸು. ಇಷ್ಟು ಮಾತಾಡಿದ್ದಾಳೆಂದರೆ ತಮಾಷೆಯಲ್ಲ ಎಂದು ತೋಂಟದಾರ್ಯನಿಗೆ ಗೊತ್ತಿತ್ತು. ಆದರೆ ಅವನಿಗೆ ಭಯವಿರಲಿಲ್ಲ. ಪೆಟ್ಟಿಗೆ ಚೆನ್ನಾಗಿಯೇ ಹಾಡುತ್ತಿತ್ತು. ಸಂಜೆ ಅವನು ನುಡಿಸಲು ಕೂತರೆ ಬಸ್ಸಿಗೆ ಕಾದವರು ಬಸ್ಸು ಬಿಟ್ಟು ನಿಲ್ಲುತ್ತಿದ್ದರು.

ಅಲ್ಲಿಗೆ ಬಿಟ್ಟಿದ್ದರೆ ಈ ಕಥೆ ಇರುತ್ತಿರಲಿಲ್ಲ. ಒಂದು ದಿನ ಪಕ್ಕದ ಮನೆಯ ದೊಡ್ಡಣ್ಣ ಜಗಲಿಯ ಮೇಲೆ ಕೂತು, "ನಮ್ ಪಂಪ್‌ಸೆಟ್ ಸರ್ವೀಸಾಯ್ತು ಕಣಪ್ಪ. ವರ್ಷಕ್ಕೊಂದ್ಸಲ ಮಾಡುಸ್ಲೇಬೇಕು. ನಿನ್ ಪೆಟ್ಗೆಗೆ ಹಂಗೇನೂ ಇಲ್ವಾ?" ಎಂದ.

ಪಂಪ್‌ಸೆಟ್ಟಿಗಿರುವ ಮರ್ಯಾದೆ ಸಿಂಥಸೈಜರಿಗೆ ಇಲ್ಲವೆಂದು ಒಪ್ಪಿಕೊಳ್ಳುವುದು ಹೇಗೆ? "ಇದೆ, ಇದೆ. ನಾಳೆನೇ ತಿಪಟೂರಿಗೆ ಹೊರಟಿದೆ," ಎಂದುಬಿಟ್ಟ ತೋಂಟದಾರ್ಯ.

ತಿಪಟೂರಿನಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಶ್ರೀರಂಗಯ್ಯ ಬಹಳ ಧೈರ್ಯಸ್ಥ. ತಾನು ಹಿಂದೆಂದೂ ನೋಡಿರದ ಯಂತ್ರವನ್ನು ಬಿಚ್ಚುವಾಗ ಅವನ ಕೈ ಎಳ್ಳಷ್ಟೂ ನಡುಗುತ್ತಿರಲಿಲ್ಲ. ಒಂದು ವಾರ ಇಟ್ಟುಕೊಂಡ. ಧೂಳು ಹೊಡೆದ, ಎಣ್ಣೆ ಬಿಟ್ಟ, ಒಳಗೆ ಕಂಡ ಪುಟ್ಟ ತಿರುಪುಗಳೆಲ್ಲ ಸಡಿಲವಾಗಿವೆಯೆಂದು ತಿಳಿದು ಒಂದೊಂದನ್ನೂ ಬಿಗಿಮಾಡಿದ. ಗಿರಾಕಿ ಬಂದಾಗ ಸ್ವಿಚ್ ಹಾಕಿ ಸ ರಿ ಗ ಮ ಪ ಎಂದು ಐದು ಸ್ವರ ಒತ್ತಿ ತೋರಿಸಿದ. ಐದೂ ಜೇನಿನ ಹಾಗಿದ್ದವು.

ಆರನೆಯದನ್ನು ಒತ್ತುವ ಅಭ್ಯಾಸ ಆ ಮನುಷ್ಯನಿಗೆ ಇರಲಿಲ್ಲ.

ಮನೆಗೆ ತಂದು, ದೊಡ್ಡಣ್ಣನನ್ನು ಕೂರಿಸಿ, ಊದುಬತ್ತಿ ಹಚ್ಚಿ ತೋಂಟದಾರ್ಯ ನುಡಿಸಲು ಶುರುಮಾಡಿದ. ಐದು ಸ್ವರ ಚೆನ್ನಾಗಿ ಬಂದವು. ಆರನೆಯದಕ್ಕೆ ಬೆರಳಿಟ್ಟ ಕೂಡಲೇ ಪೆಟ್ಟಿಗೆ "ಅಂಬೋಓಓ" ಎಂದು ಒಂದು ಸಲ ಕೂಗಿ ಸುಮ್ಮನಾಯಿತು.

ದೊಡ್ಡಣ್ಣ ಕೊಟ್ಟಿಗೆಯ ಕಡೆ ತಿರುಗಿ ನೋಡಿದ. ಕೊಟ್ಟಿಗೆಯಲ್ಲಿ ಯಾರೂ ಇರಲಿಲ್ಲ.

ವಾದ್ಯದ ಕೀಲಿಗೆ ಹಾರ್ಮೋನಿಯಂನವರು ಮನೆ ಎನ್ನುತ್ತಾರೆ. ಕೂಗಿದ ಮನೆ ಯಾವುದೆಂದು ಗುರುತಿರಲೆಂದು ತೋಂಟದಾರ್ಯ ಎಲೆ ಅಡಿಕೆ ತಟ್ಟೆಯಿಂದ ಸುಣ್ಣ ತೆಗೆದು ಅದಕ್ಕೆ ಹಚ್ಚಿದ. ಮತ್ತೆ ನುಡಿಸಿದ. ಸುಣ್ಣ ಹಚ್ಚಿದ ಮನೆ ಇಂಪಾಗಿ ಹಾಡಿತು, ಇನ್ಯಾವುದೋ ಕೂಗಿತು. ಅದಕ್ಕೂ ಹಚ್ಚಿದ. ಬಿಳಿಯ ಮನೆಗಳ ಮೇಲೆ ಸುಣ್ಣ ಕಾಣದ್ದರಿಂದ ದೇವರ ಗೂಡಿನ ಕುಂಕುಮ ತಂದ. ಹೊತ್ತು ಮುಳುಗುವುದರೊಳಗೆ ಪೆಟ್ಟಿಗೆಯ ಒಂದು ಮನೆಯೂ ಬರಿಹಣೆಯಲ್ಲಿರಲಿಲ್ಲ.

"ಇದು ಹಲ್ಲುನೋವಿನ ಹಂಗೆ ಕಣಪ್ಪ," ಎಂದ ದೊಡ್ಡಣ್ಣ. "ಒಂದ್ ಕೀಳ್ಸಿದ್ರೆ ಪಕ್ಕದ್ದಕ್ಕೆ ಹೋಗ್ತದೆ. ಎಲ್ಲಾ ಕೀಳ್ಸಿಬುಡು."

"ಎಲ್ಲಾ ಕೀಳ್ಸಿ ಏನ್ ನುಡಿಸ್ಲಿ? ಹಲಗೆನಾ?"

ತೋಂಟದಾರ್ಯ ಪೆಟ್ಟಿಗೆಯ ಒಂದು ತುದಿ ಎತ್ತಿ ಅಲ್ಲಾಡಿಸಿ ಕಿವಿಯಿಟ್ಟು ಕೇಳಿದ. ಒಳಗೆ ಏನೋ ಲೊಡಲೊಡ ಎಂದಿತು. ಕೊಬ್ಬರಿಯಾಗಿದ್ದರೆ ಈ ಸದ್ದಿಗೆ ಮೇಲಿನ ದರ ಸಿಗುತ್ತಿತ್ತು. ಪೆಟ್ಟಿಗೆಯ ಶಾಸ್ತ್ರದಲ್ಲಿ ಲೊಡಲೊಡ ಒಳ್ಳೆಯದೋ ಕೆಟ್ಟದೋ ಅವನಿಗೆ ತಿಳಿಯಲಿಲ್ಲ.

ಶ್ರೀರಂಗಯ್ಯನನ್ನು ಬಸ್ಸಿಗೆ ಹತ್ತಿಸಿಕೊಂಡು ಬಂದ. ಅವನು ಬಂದವನೇ ಸ್ವಿಚ್ ಆರಿಸಿ, ಮತ್ತೆ ಹಾಕಿ, ಸ ರಿ ಗ ಮ ಪ ಒತ್ತಿ, "ಸರ್ಯಾಗೇ ಅದೆಯಲ್ರೀ!" ಎಂದು ಕೈ ಒರೆಸಿಕೊಂಡ. ಮೀನಾಕ್ಷಮ್ಮ ಕಾಫಿ ತಂದಿಟ್ಟಳು. ಅವನು ಕಾಫಿ ಕುಡಿಯುವಾಗ ತೋಂಟದಾರ್ಯ ಇನ್ನೊಂದು ಮನೆ ಒತ್ತಿದ. "ಅಂಬೋಓಓ!" ಶ್ರೀರಂಗಯ್ಯನ ಕಾಫಿ ಅವನ ಅಂಗಿಯ ಪಾಲಾಯಿತು.

"ನೋಡ್ರಿ, ಹಿಂಗೆ," ಎಂದ ಶ್ರೀರಂಗಯ್ಯ ಅಂಗಿ ಹಿಂಡುತ್ತ. "ಇದ್ರೊಳ್ಗೆ ಆರು ಜನ ಹಾಡುಗಾರ್ರು ಅವ್ರೆ ಅಂದ್ಕಳಿ. ನೀವು ಯಾವ್ ಮನೆ ಒತ್ತಿದ್ರೂ ಸರದಿ ಪ್ರಕಾರ ಒಬ್ಬೊಬ್ರೇ ಎದ್ದು ಹಾಡ್ತಾರೆ. ಐದು ಜನ ಸರ್ಯಾಗವ್ರೆ. ಆರನೆಯವನಿಗೆ ಗಂಟ್ಲು ಕಟ್ಕಂಡದೆ. ಮನೆ ತಪ್ಪಲ್ಲ, ಅವನ್ ತಪ್ಪು."

"ಹಂಗಾರೆ ಅವನನ್ನ ಆಚೆಗೆ ಹಾಕಿ!"

"ಅದಕ್ಕೆ ಮದ್ರಾಸಿಂದ ಸಾಮಾನು ಬರ್ಬೇಕಲ್ರೀ. ಎರಡು ತಿಂಗಳಾಗ್ತದೆ."

"ಮದ್ವೆ ಮುಂದಿನ್ ಸೋಮವಾರ!"

"ಹಂಗಾರೆ ಐದೈದೇ ನುಡ್ಸಿ," ಎಂದು ಹೇಳಿ ಶ್ರೀರಂಗಯ್ಯ ಬಂದ ಬಸ್ಸಿನಲ್ಲೇ ಹೊರಟುಹೋದ.

ಕಷ್ಟ ಒಂಟಿಯಾಗಿ ಬರುವುದಿಲ್ಲ. ಅತ್ತೆಯನ್ನು ಕರೆದುಕೊಂಡು ಬರುತ್ತದೆ. ಮಾರನೆಯ ದಿನವೇ ಗಿರಿಜಾಂಬಿಕಾ ಮಗಳನ್ನು ಮದುವೆಗೆ ಕರೆದೊಯ್ಯಲು ದಂಡಿನಶಿವರದಿಂದ ಬಂದರು. ಅವರು ಹೊಸಿಲು ದಾಟುವ ಹೊತ್ತಿಗೆ ಸರಿಯಾಗಿ ತೋಂಟದಾರ್ಯ ಆರನೆಯವನ ಗಂಟಲು ಬಿಟ್ಟಿದೆಯೋ ಎಂದು ಪರೀಕ್ಷೆ ಮಾಡುತ್ತಿದ್ದ.

"ಅಂಬೋಓಓ!"

ಗಿರಿಜಾಂಬಿಕಾ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತರು. "ಗೌರಿ!" ಎಂದರು. "ಇದ್ರ ತಾಯೂ ಹಿಂಗೇ ಕೂಗ್ತಿತ್ತು. ಬಾಯಾರೈತೆ ಕಣೇ ಮೀನಾಕ್ಷಿ ಅದಕ್ಕೆ!" ಎಂದು ಬಕೆಟ್ಟಿಗೆ ನೀರು ತುಂಬಿಕೊಂಡು ನೆಟ್ಟಗೆ ಕೊಟ್ಟಿಗೆಗೆ ನಡೆದರು. ಸ್ವಲ್ಪ ಹೊತ್ತಿನ ಮೇಲೆ ತುಂಬಿದ ಬಕೆಟ್ಟನ್ನು ಹಾಗೇ ಹಿಡಿದುಕೊಂಡು ವಾಪಸು ಬಂದರು.

"ಹಸು ಎಲ್ಲಿ ಅಳಿಯಂದ್ರೆ?"

"ಮೇಯಕ್ಕೆ ಹೋಗ್ಯದೆ ಅತ್ತೆ," ಎಂದ ತೋಂಟದಾರ್ಯ. ಅವನ ಬೆರಳು ಹೆದರಿ ಅಲ್ಲೇ ಆರು ಮನೆ ತಡವಿತು. "ಅಂಬೋಓಓ," ಎಂದಿತು ಪೆಟ್ಟಿಗೆ.

ಗಿರಿಜಾಂಬಿಕಾ ಪೆಟ್ಟಿಗೆಯ ಕಡೆ ನೋಡಿದರು. ಅಳಿಯನ ಕಡೆ ನೋಡಿದರು. ಮಗಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡದ್ದನ್ನು ನೋಡಿದರು. ಲೆಕ್ಕ ಕೂಡಿತು.

"ಮಾರಿ ಇದನ್ನ ತಂದ್ರಾ?"

ತೋಂಟದಾರ್ಯ ಎರಡೂ ಕೈಯನ್ನು ಪೆಟ್ಟಿಗೆಯಿಂದ ತೆಗೆದು ಬೆನ್ನ ಹಿಂದೆ ಇಟ್ಟುಕೊಂಡ.

"ಬಳುವಳಿ ಹಸು ಕಣ್ರೀ! ಅದು ಸುಮ್ನೆ ಬಿಡ್ತದಾ? ಬಂದು ಪೆಟ್ಗೆ ಒಳಗೆ ಕೂತದೆ!"

"ಅತ್ತೆ, ಒಳಗೆ ಆರು ಜನ ಹಾಡುಗಾರ್ರು ಅವ್ರೆ. ಆರನೆಯವನಿಗೆ ಗಂಟ್ಲು..." ಎಂದು ತೋಂಟದಾರ್ಯ ಶುರುಮಾಡಿದ. ಅರ್ಧದಲ್ಲೇ ಅವನಿಗೆ ಅತ್ತೆಯ ವಿವರಣೆಯೇ ತನ್ನದಕ್ಕಿಂತ ನಂಬುವ ಹಾಗಿದೆ ಅನ್ನಿಸಿ ಸುಮ್ಮನಾದ.

ದೊಡ್ಡಣ್ಣ ಗೋಡೆಯಾಚೆಯಿಂದಲೇ, "ನಾನು ಅವತ್ತೇ ಅಂದ್ಕಂಡೆ ಕಣಮ್ಮ. ಕೊಟ್ಗೇಲಿಲ್ದಿದ್ದು ನಡುಮನೇಲಿ ಹೆಂಗೆ ಕೂಗ್ತದೆ ಅಂತ," ಎಂದು ಸಾಕ್ಷಿ ಹೇಳಿದ. ಪಂಪ್‌ಸೆಟ್ಟಿನ ಮಾತೆತ್ತಿ ಮನೆಗೆ ಶನಿ ಹೊಗಿಸಿದವನು ಇವನೇ. ತೋಂಟದಾರ್ಯನಿಗೆ ಗೋಡೆಯನ್ನೇ ಅವನ ಮೇಲೆ ಕೆಡವೋಣ ಅನ್ನಿಸಿತು.

ಗಿರಿಜಾಂಬಿಕಾ ತಲೆಗೆ ನೀರು ಹಾಕಿಕೊಂಡು ಬಂದರು. ಅಟ್ಟದಿಂದ ಜುಟ್ಟಿರುವ ಒಂದು ದಪ್ಪ ಕಾಯಿ ಇಳಿಸಿ, ಅರಿಶಿನ ಹಚ್ಚಿ, ವಿಭೂತಿ ಎಳೆದು, ಪೆಟ್ಟಿಗೆಯ ಐದು ಮನೆಗೆ ಒಂದೊಂದು ಅರಿಶಿನದ ಬೊಟ್ಟು ಒತ್ತಿ, "ನಿನ್ನನ್ನ ಮನೆಗೆ ಕರ್ಕಂಡು ಬರೋವರ್ಗೂ ಸುಮ್ನಿರವ್ವ," ಎಂದು ಕೈಮುಗಿದು ಅದನ್ನು ಪೆಟ್ಟಿಗೆಯ ಬಲತುದಿಯಲ್ಲಿ, ಮರದ ಪಟ್ಟಿಗೂ ಕೊನೆಯ ಮನೆಗೂ ನಡುವೆ ಕೂರಿಸಿದರು. ಕಾಯಿಯ ಭಾರಕ್ಕೆ ಆ ಮನೆ ಕೆಳಗಿಳಿಯಿತು. ಪೆಟ್ಟಿಗೆ "ಅಂಬೋಓಓ" ಎಂದು ಕೊನೆಯದಾಗಿ ಕೂಗಿ ಅಡಗಿತು.

"ಈಗ ನುಡ್ಸಿ."

ತೋಂಟದಾರ್ಯ ನುಡಿಸಿದ. ಐದಾಯಿತು, ಹತ್ತಾಯಿತು, ಒಂದು ವಚನ ಪೂರ್ತಿಯಾಯಿತು. ಒಂದು ಸ್ವರವೂ ಕೆಡಲಿಲ್ಲ. ದೊಡ್ಡಣ್ಣ ಗೋಡೆಯಾಚೆ ಚಪ್ಪಲಿ ಬಿಟ್ಟು ಕೈಮುಗಿದ.

ನಡೆದದ್ದೇನೆಂದು ತೋಂಟದಾರ್ಯನಿಗೆ ಹೊಳೆಯಿತು. ಐದು ಬೊಟ್ಟಿಗೆ ಐವರು ಹಾಡಿ ಮುಗಿಸಿದ್ದರು, ಕಾಯಿ ಕೂತದ್ದು ಸರಿಯಾಗಿ ಆರನೆಯವನ ಸರದಿಯಲ್ಲಿ. ಒಂದು ಸಲ ಕೂಗಿದ ಮೇಲೆ ಅವನು ಆ ಮನೆಯ ಕಾವಲಿಗೆ ಬಿದ್ದ. ಕಾಯಿ ಏಳುವವರೆಗೆ ಅವನೂ ಏಳುವ ಹಾಗಿಲ್ಲ. ಮಿಕ್ಕ ಐವರು ಹಾಡಿಕೊಳ್ಳುತ್ತಾರೆ. ಆದರೆ ಇದನ್ನು ಅತ್ತೆಗೆ ಬಿಡಿಸಿ ಹೇಳುವಷ್ಟು ದಡ್ಡತನ ಅವನಲ್ಲಿ ಉಳಿದಿರಲಿಲ್ಲ.

"ಮದ್ವೆ ಮುಗಿಯೋವರ್ಗೂ ಆ ಕಾಯಿ ಅಲುಗಬಾರ್ದು," ಎಂದರು ಗಿರಿಜಾಂಬಿಕಾ. "ಅಲುಗಿದ್ರೆ ನನ್ ಮಗಳು ನನ್ ಮನೇಲೇ ಇರ್ತಾಳೆ."

ತಾಯಿ ಮಗಳು ಇಬ್ಬರದೂ ಒಂದೇ ತೀರ್ಪಾದ ಮೇಲೆ ಮೇಲಿನ ಕೋರ್ಟು ಎಲ್ಲಿದೆ?

ಸೋಮವಾರ ದಂಡಿನಶಿವರದ ಕೆರೆಯಂಗಳದ ಪಕ್ಕದಲ್ಲಿ ಚಪ್ಪರ. ತೆಂಗಿನ ಮರಗಳಿಗೆ ಮೈಕಿನ ಕಹಳೆಗಳನ್ನು ಕಟ್ಟಿದ್ದರು. ತೋಂಟದಾರ್ಯ ಯಾರಿಗೂ ಕಾಣದ ಹಾಗೆ ಐದು ಮನೆ ಮೆಲ್ಲಗೆ ಒತ್ತಿ, ಆರನೆಯದಕ್ಕೆ ಕಾಯಿ ಕೂರಿಸಿ, ಕೂಗು ಬಂದದ್ದಕ್ಕೆ ತಾನೇ ಜೋರಾಗಿ ಕೆಮ್ಮಿ ಮುಚ್ಚಿದ. ಆಮೇಲೆ ಬೆಳಗಿನಿಂದ ಪೆಟ್ಟಿಗೆ ಹಾಡಿದ್ದೇ ಹಾಡಿದ್ದು. ಬೀಗರು ತಲೆದೂಗಿದರು. ಮೀನಾಕ್ಷಮ್ಮ ದೂರದಿಂದ ಒಂದು ಸಲ ನಕ್ಕಳು. ಆ ನಗು ನೋಡಿ ತೋಂಟದಾರ್ಯನ ತಲೆ ತಿರುಗಿತು. ವಾಲಗದವರನ್ನು ಕರೆದು, "ನೀವು ಹೋಗಿ ಊಟ ಮಾಡಿ. ಗಟ್ಟಿಮೇಳ ನಾನೇ ನುಡಿಸ್ತೀನಿ," ಎಂದುಬಿಟ್ಟ.

ಗಟ್ಟಿಮೇಳವೆಂದರೆ ತಾಳಿ ಕಟ್ಟುವ ಗಳಿಗೆಯಲ್ಲಿ ಅಪಸ್ವರದ ಮಾತೊಂದೂ ವಧೂವರರ ಕಿವಿಗೆ ಬೀಳದಿರಲಿ ಎಂದು ನುಡಿಸುವುದು. ಇದನ್ನು ನೆನಪಿಟ್ಟುಕೊಳ್ಳಬೇಕು.

ಮುಹೂರ್ತ ಹತ್ತಿರವಾಯಿತು. ಮದುವೆ ಮಾಡಿಸುತ್ತಿದ್ದ ಅಯ್ಯನವರು ಕೈಚಾಚಿ, "ಒಂದು ಕಾಯಿ ಕೊಡಿ," ಎಂದರು. ಸುತ್ತ ನಾಲ್ಕು ಹರದಾರಿ ತೆಂಗಿನ ತೋಟವಿರುವ ಊರು. ಪ್ರತಿ ಮನೆಯ ಅಟ್ಟವೂ ಕಾಯಿಯಿಂದ ಬಗ್ಗಿದೆ. ಆದರೆ ಚಪ್ಪರದಲ್ಲಿ ಒಂದು ಕಾಯಿ ಇರಲಿಲ್ಲ. ಇದ್ದದ್ದನ್ನೆಲ್ಲ ಅಡಿಗೆಯವರು ಪಾಯಸಕ್ಕೆ ಒಡೆದಿದ್ದರು. "ಕಾಯಿ! ಕಾಯಿ!" ಎಂದು ಕೂಗಾಯಿತು. ಮದುವೆಗೆಂದು ಜೊತೆಗೇ ಬಂದಿದ್ದ ಪುಣ್ಯಾತ್ಮ ದೊಡ್ಡಣ್ಣ ಪೆಟ್ಟಿಗೆಯ ಪಕ್ಕದಲ್ಲೇ ನಿಂತಿದ್ದ. ಉಪಕಾರ ಮಾಡುವ ಅವಕಾಶ ಸಿಕ್ಕರೆ ಅವನು ಹಿಂದೆಮುಂದೆ ನೋಡುವವನಲ್ಲ.

"ಇಗಳ್ರಪ್ಪ, ಅರಿಶಿನ ಹಚ್ಚಿರೋದೇ ಐತೆ!" ಎಂದು ಕಾಯಿ ಎತ್ತಿ ಕೊಟ್ಟ.

"ದೊಡ್ಡಣ್ಣಾ!" ಎಂದು ತೋಂಟದಾರ್ಯ ಬಾಯಿ ತೆರೆಯುವುದಕ್ಕೂ "ಗಟ್ಟಿಮೇಳ! ಗಟ್ಟಿಮೇಳ!" ಎಂದು ಅಯ್ಯನವರು ಬೆರಳಾಡಿಸುವುದಕ್ಕೂ ಸರಿಹೋಯಿತು.

ನುಡಿಸದಿದ್ದರೆ ಅಪಶಕುನ. ನುಡಿಸಿದರೆ ಗೌರಿ. ತೋಂಟದಾರ್ಯ ಕಣ್ಣು ಮುಚ್ಚಿಕೊಂಡು ನುಡಿಸಿದ. ಗಟ್ಟಿಮೇಳವನ್ನು ಐದೈದೇ ನುಡಿಸಲು ಬರುವುದಿಲ್ಲ. ಅದು ಓಡಬೇಕು. ಓಡಿದ ಹಾಗೆಲ್ಲ ಆರನೆಯವನ ಸರದಿ ಬೇಗ ಬೇಗ ಬಂತು. ನಾಲ್ಕು ಕಹಳೆಗಳಿಂದ "ಅಂಬೋ! ಅಂಬೋ! ಅಂಬೋ!" ಎಂಬ ಗಟ್ಟಿಮೇಳ ದಂಡಿನಶಿವರದ ಮೇಲೆ ಹರಡಿತು. ಮದುವೆ ಗಂಡು ತಾಳಿ ಕಟ್ಟುವುದನ್ನು ಬಿಟ್ಟು ಹಿಂದಕ್ಕೆ ನೋಡಿದ. "ಕಟ್ಲಾ, ಮೊದ್ಲು ಕಟ್ಟು!" ಎಂದು ಯಾರೋ ಅವನ ತಲೆಯನ್ನು ತಿರುಗಿಸಿದರು. ಗಂಟು ಬಿತ್ತು.

ಆಗ ಕೆರೆಯಂಗಳದಿಂದ ಒಂದು ಉತ್ತರ ಬಂತು. ಇದು ಮೈಕಿನದಲ್ಲ.

ಜನ ದಾರಿ ಬಿಟ್ಟರು. ಒಂದು ಕೆಂದು ಹಸು, ಕೊರಳಲ್ಲಿ ಹರಿದ ಹಗ್ಗ ಎಳೆದುಕೊಂಡು, ಬಾಳೆಕಂಬವನ್ನು ಪಕ್ಕಕ್ಕೆ ಸರಿಸಿ ಚಪ್ಪರದೊಳಗೆ ಬಂತು. ಅದರ ಹಿಂದೆ ಇಡೀ ಮಂದೆ. ಮಂದೆಯ ಹಿಂದೆ ಏದುಸಿರು ಬಿಡುತ್ತ, ಅದನ್ನು ಕಾಯುವ ಪಕ್ಕದ ಹಳ್ಳಿಯ ಹುಚ್ಚರಂಗಯ್ಯ. ಹಸು ನೇರವಾಗಿ ಪೆಟ್ಟಿಗೆಯ ಮುಂದೆ ನಿಂತು ಅದರ ಮೇಲಿನ ಕುಂಕುಮವನ್ನೆಲ್ಲ ನೆಕ್ಕಿತು. ಅದೂ ಒಂದು ಸ್ವರ ನುಡಿಸಿತು.

"ಗೌರಿ!" ಎಂದು ಮೀನಾಕ್ಷಮ್ಮ ಆರತಿ ತಟ್ಟೆಯನ್ನು ಯಾರ ಕೈಗೋ ಕೊಟ್ಟು ಓಡಿಬಂದು ಅದರ ಕೊರಳು ತಬ್ಬಿದಳು. ಅತ್ತೇಬಿಟ್ಟಳು. ಮದುವೆಮನೆಯಲ್ಲಿ ತಮ್ಮನ ಧಾರೆಗೆ ಅಳದ ಹೆಂಗಸು ಹಸುವಿಗೆ ಅತ್ತದ್ದನ್ನು ನೋಡಿ ತೋಂಟದಾರ್ಯ ಪೆಟ್ಟಿಗೆಯ ಸ್ವಿಚ್ ಆರಿಸಿದ.

"ಎಲ್ಲಿತ್ತಪ್ಪ ಇದು?" ಎಂದರು ಗಿರಿಜಾಂಬಿಕಾ.

"ದಲ್ಲಾಳಿ ತಾವ ತಗಂಡೆ ಕಣವ್ವ," ಎಂದ ಹುಚ್ಚರಂಗಯ್ಯ. ಅವನ ಕಣ್ಣು ಪೆಟ್ಟಿಗೆಯ ಮೇಲಿತ್ತು. "ಅದಿರ್ಲಿ. ಇದೇನ್ರೀ ಸಾಮಾನು? ದಿನಾ ಸಂಜೆ ಕೆರೆ ಸುತ್ತಿ ಕೂಗಿ ಕೂಗಿ ನನ್ ಗಂಟ್ಲು ಕಿತ್ತೋಗದೆ, ಒಂದ್ ದನಾನೂ ಬರಾಕಿಲ್ಲ. ಇದು ಕೂಗಿದ್ದೇ ತಡ ಎಲ್ಲಾ ಒಟ್ಗೆ ಬಂದವಲ್ಲ! ಹಸು ನೀವೇ ಇಟ್ಕಳಿ. ಈ ಪೆಟ್ಗೆ ನಂಗ್ ಕೊಡಿ."

ತೋಂಟದಾರ್ಯ ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ಹೆಂಡತಿಯ ಮುಖ ನೋಡಿದ. ಅವಳು ಅವನ ಮುಖ ನೋಡಲಿಲ್ಲ, ಹಸುವಿನ ಕಿವಿಯಿಂದ ಉಣ್ಣಿ ಹುಳ ಕೀಳುತ್ತಿದ್ದಳು. ಅವನು ಕೈ ತೆಗೆದ.

ಹೀಗೆ ಮೀನಾಕ್ಷಮ್ಮ ಗೌರಿಯೊಡನೆ ಗಂಡನ ಮನೆಗೆ ಬಂದಳು. ಮನೆಯಲ್ಲಿ ಹಾಲಾಯಿತು, ಮಜ್ಜಿಗೆಯಾಯಿತು, ಮಾತೂ ಆಯಿತು. ತೋಂಟದಾರ್ಯ ಹಳೆಯ ಹಾರ್ಮೋನಿಯಂನ ಧೂಳು ಹೊಡೆದ. ಅದನ್ನು ಸರ್ವೀಸ್ ಮಾಡಿಸುವ ಮಾತನ್ನು ದೊಡ್ಡಣ್ಣ ಎತ್ತಿದಾಗ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಸುಗ್ಗಿಯ ಹೊತ್ತಿಗೆ ಒಂದು ಬೆಳಿಗ್ಗೆ ಬಾಗಿಲ ಮುಂದೆ ಎತ್ತಿನ ಗಾಡಿ ನಿಂತಿತು. ಹುಲ್ಲಿನ ಮೇಲೆ ಪೆಟ್ಟಿಗೆ, ಪೆಟ್ಟಿಗೆಯ ಪಕ್ಕದಲ್ಲಿ ಮುಖ ಊದಿಸಿಕೊಂಡ ಹುಚ್ಚರಂಗಯ್ಯ.

"ಕೆಟ್ಟೋಗದೆ ಕಣ್ರೀ."

"ಏನಾಯ್ತು?"

"ಗಾಡಿಯಿಂದ ಕೆಳಕ್ ಬಿತ್ತು. ಅವತ್ತಿಂದ ಕೂಗಾಕಿಲ್ಲ."

ತೋಂಟದಾರ್ಯ ಅದನ್ನು ನಡುಮನೆಗೆ ಇಳಿಸಿ, ಒಂದು ತುದಿ ಎತ್ತಿ ಅಲ್ಲಾಡಿಸಿ ಕಿವಿಯಿಟ್ಟ. ಲೊಡಲೊಡ ನಿಂತಿತ್ತು. ಒಳಗೆ ಓಡಾಡಿಕೊಂಡಿದ್ದದ್ದು ಎಲ್ಲೋ ತನ್ನ ಜಾಗ ಸೇರಿಕೊಂಡಿತ್ತು. ಸ್ವಿಚ್ ಹಾಕಿ ಒತ್ತಿದ. ಐದಾಯಿತು. ಉಸಿರು ಹಿಡಿದು ಆರನೆಯದನ್ನು ಒತ್ತಿದ.

ಆರನೆಯವನು ಹಾಡಿದ. ಐವರಲ್ಲಿ ಯಾರಿಗೂ ಅಂಥ ಗಂಟಲಿರಲಿಲ್ಲ. ತೋಂಟದಾರ್ಯ ಅಲ್ಲೇ ಕೂತು ಒಂದು ವಚನ ಪೂರ್ತಿ ನುಡಿಸಿದ. ಮುಗಿಯುವ ಹೊತ್ತಿಗೆ ಅವನ ಕಣ್ಣು ತುಂಬಿತ್ತು.

"ಸರಿಹೋಗ್ಯದೆ ಕಣಯ್ಯ ಇದು! ದೇವ್ರಾಣೆಗೂ ಸರಿಹೋಗ್ಯದೆ!"

"ಎಲ್ರೀ ಸರಿಹೋಗ್ಯದೆ?" ಎಂದು ಹುಚ್ಚರಂಗಯ್ಯ ಸಿಟ್ಟಾದ. "ಕುಯ್ಯೋ ಕುಯ್ಯೋ ಅಂತ ಅಳ್ತದೆ. ಒಂದ್ ದನ ತಿರುಗಿ ನೋಡ್ತಿಲ್ಲ. ಮೊದ್ಲಿನ ಹಂಗೆ ಕೂಗುಸ್ಕೊಡಿ. ಆಗಲ್ಲ ಅಂದ್ರೆ ಇದನ್ನ ನೀವೇ ಮಡಿಕಳಿ, ಗೌರಿ ಹಗ್ಗ ಬಿಚ್ಚಿ."

ಹಿತ್ತಲ ಬಾಗಿಲಲ್ಲಿ ಮೀನಾಕ್ಷಮ್ಮ ಹಾಲಿನ ಚೊಂಬು ಹಿಡಿದು ನಿಂತಿದ್ದಳು. ನುಡಿಸಿದ್ದನ್ನು ಪೂರ್ತಿ ಕೇಳಿದ್ದಳೆಂದು ಮಾತ್ರ ಅವಳ ಮುಖದಲ್ಲಿ ಕಾಣುತ್ತಿತ್ತು. ತೋಂಟದಾರ್ಯ ಆ ಮುಖ ನೋಡಿದ, ಪೆಟ್ಟಿಗೆ ನೋಡಿದ. ಇನ್ನೊಂದು ಸಲ ಆರು ಸ್ವರ ಒಂದೊಂದಾಗಿ ಒತ್ತಿ, ಆರನೆಯದರ ಮೇಲೆ ಬೆರಳನ್ನು ಅದು ಆರುವವರೆಗೂ ಇಟ್ಟುಕೊಂಡು, ಸ್ವಿಚ್ ತೆಗೆದ. ಗಾಡಿಯನ್ನು ತಿಪಟೂರಿನ ಕಡೆ ತಿರುಗಿಸಲು ಹೇಳಿದ.

ಶ್ರೀರಂಗಯ್ಯ ಪೆಟ್ಟಿಗೆಯನ್ನು ಕಂಡ ಕೂಡಲೇ ಅಂಗಡಿಯ ಹಿಂಬಾಗಿಲ ಕಡೆ ನೋಡಿದ. ಆಮೇಲೆ ಧೈರ್ಯ ಮಾಡಿ ಸ್ವಿಚ್ ಹಾಕಿ, ಸ ರಿ ಗ ಮ ಪ ಒತ್ತಿ, ತೋಂಟದಾರ್ಯ ದುರುಗುಟ್ಟಿ ನೋಡಿದ್ದರಿಂದ ಆರನೆಯದನ್ನೂ ಒತ್ತಿದ. ಅವನಿಗೇ ಆಶ್ಚರ್ಯವಾಯಿತು.

"ಪಸಂದಾಗೇ ಅದೆಯಲ್ರೀ! ಇದಕ್ಕೆ ನಾನೇನ್ ರಿಪೇರಿ ಮಾಡ್ಲಿ?"

"ರಿಪೇರಿ ಗಿಪೇರಿ ಏನೂ ಬ್ಯಾಡಿ ಶ್ರೀರಂಗಯ್ಯನೋರೆ," ಎಂದು ತೋಂಟದಾರ್ಯ ಅವನಿಗೆ ಕೈಮುಗಿದ. "ಹೋದ್ಸಲ ಮಾಡಿದ್ರಲ್ಲ, ಹಂಗೇ ಒಂದ್ ಸರ್ವೀಸ್ ಮಾಡಿ, ಸಾಕು."